ಅರವತ್ತೊಂಬತ್ತು

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳು,
ಮಸ್ಕಿಂಗಮ್ ಹೊಳೆಯಲ್ಲಿ ಇನ್ನೂ ಐಸು ತೇಲುತ್ತಿದ್ದಾಗ
ನಾವು ಐದು ಜನ ಒಂದು ಮೇಜಿನ ಸುತ್ತ ಕೂತು
ಹುಡುಗನೊಬ್ಬನನ್ನು ಒಳಗೆ ಬಿಟ್ಟುಕೊಂಡೆವು.

ಕಾಲೇಜಿನ ಕಟ್ಟಳೆ ಎರಡು ಪಾಯಿಂಟ್ ಐದು.
ಅವನದು ಎರಡು ಪಾಯಿಂಟ್ ಒಂದು.
ಫೈಲಿನ ಮೇಲೆ ಹಳದಿ ಚೀಟಿ: ‘ವಿಶೇಷ ಪ್ರಕರಣ’.
ಕೋಚ್ ಹ್ಯಾಲೊರನ್ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ:
ಫ್ಲಾರಿಡಾದ ಕರಿಮಣ್ಣು, ಕಬ್ಬಿನ ಗದ್ದೆಗೆ ಬೆಂಕಿಯಿಟ್ಟ ದಿನ,
ಹೊಗೆಯಿಂದ ಚಿಮ್ಮುವ ಮೊಲಗಳ ಹಿಂದೆ
ಬರಿಗಾಲಲ್ಲಿ ಓಡುವ ಹುಡುಗ.
ಮೊಲ ಎಡಕ್ಕೆ ಹೊರಳುವ ಮೊದಲೇ ಅವನು ಎಡಕ್ಕೆ.
ಡೀನ್ ಸ್ಟ್ರಿಕ್ಲರ್ ಕನ್ನಡಕ ತೆಗೆದು ಒರೆಸಿಕೊಂಡರು.
ಎರಡು ಕೈ ಮೇಲೆದ್ದವು, ಎರಡು ಮೇಜಿನ ಮೇಲೇ ಉಳಿದವು.
ಐದನೆಯದು ನನ್ನದು.
ಎತ್ತಿದೆ. ಈಗಲೂ ಹೇಳಲಾರೆ,
ಆ ಹುಡುಗನಿಗಾಗಿಯೋ, ಆ ಮೊಲಕ್ಕಾಗಿಯೋ.

ಈಗ ಕೀಶಾನ್ ಓಡಮ್, ನಂಬರ್ ನಲವತ್ತನಾಲ್ಕು,
ನನ್ನ ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ, ಕೊನೇ ಸಾಲು.
ಬೆಳಿಗ್ಗೆ ಐದಕ್ಕೆ ಭಾರ ಎತ್ತಿ, ಏಳಕ್ಕೆ ಓಡಿ,
ಎಂಟೂವರೆಗೆ ನನ್ನೆದುರು ಕೂತು
ಕಣ್ಣು ತೆರೆದೇ ನಿದ್ದೆ ಹೋಗುತ್ತಾನೆ.
ಮೊಣಕೈಗೆ ಕಟ್ಟಿದ ಐಸು ಕರಗಿ
ನೋಟ್‌ಬುಕ್ಕಿನ ನೀಲಿ ಗೆರೆಗಳು ಕದಡುತ್ತವೆ.
ಗುಂಪಿನ ಕೆಲಸದಲ್ಲಿ ಅವನ ಹೆಸರೂ ಬರೆಯುತ್ತಾರೆ,
ಏನೂ ಕೇಳುವುದಿಲ್ಲ.
ನಮ್ಮ ಓಣಿಯ ಕುಂಟೆಬಿಲ್ಲೆಯಲ್ಲಿ
ಅತ್ತೂ ಕರೆದೂ ಸೇರಿಕೊಂಡ ಪುಟ್ಟ ಕೂಸಿಗೆ
ಒಂದು ಮಾತಿತ್ತು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಒಂದು ಗುರುವಾರ ನನಗೊಂದು ಜಾಣತನ ಹೊಳೆಯಿತು.
ಪ್ರಶ್ನೆಗಳನ್ನು ಅವನ ಅಳತೆಗೇ ಹೊಲಿದೆ:
ಎಸೆದದ್ದು ಮೂವತ್ತು, ಹಿಡಿದದ್ದು ಹತ್ತೊಂಬತ್ತು,
ಮುಂದಿನ ಚೆಂಡು ಕೈಗೆ ಸಿಗುವ ಸಂಭವ ಎಷ್ಟು?
ಅವನು ಹಾಳೆ ನೋಡಿದ. ನನ್ನ ಕಡೆ ಸರಿಸಿದ.
‘ಎಂಟನೇ ಕ್ಲಾಸಿನಿಂದ ಎಲ್ಲರೂ ನನಗೆ ಇದನ್ನೇ ಕೊಡುತ್ತಾರೆ, ಮೇಡಂ.
ಅವರಿಗೆ ಕೊಟ್ಟದ್ದನ್ನೇ ಕೊಡಿ.
ಆ ಬಲ್ಬ್ ಫ್ಯಾಕ್ಟರಿಯದು.’

ಕೊಟ್ಟೆ.

ಅಕ್ಟೋಬರಿನ ಪರೀಕ್ಷೆ. ಪಾಸಿಗೆ ಎಪ್ಪತ್ತು. ಅವನಿಗೆ ಅರವತ್ತಾರು.
ರಾತ್ರಿ ಹನ್ನೊಂದಕ್ಕೆ ಕೋಚ್ ಫೋನು, ದನಿ ಬೆಣ್ಣೆ:
‘ಒತ್ತಾಯವೇನಿಲ್ಲ. ಶನಿವಾರ ಮ್ಯಾಚಿದೆ ಅಂತ ನೆನಪಿಸಿದೆ, ಅಷ್ಟೆ.’
ನಾನು ಓದಿದ ಶಾಲೆಯಲ್ಲಿ ಉತ್ತರ ತಪ್ಪಿದರೂ
ನಡೆದ ಹಂತಗಳಿಗೆ ಅಂಕ ಬೀಳುತ್ತಿತ್ತು.
ಅವನ ಏಳನೇ ಲೆಕ್ಕದಲ್ಲಿ ದಾರಿಯೆಲ್ಲ ಸರಿ,
ಕೊನೆಗೊಂದು ಮೈನಸ್ ಜಾರಿ ಬಿದ್ದಿದೆ.
ನಾಲ್ಕರಲ್ಲಿ ಮೂರು ಕೊಡಬಹುದು.
ಒಬ್ಬನಿಗೆ ಕೊಟ್ಟರೆ ಎಲ್ಲರಿಗೂ.
ಕಟ್ಟು ಬಿಚ್ಚಿದೆ. ಮೂವತ್ತೊಂದು ಹಾಳೆ, ಮೂರು ಲೋಟ ಕಾಫಿ.
ನಾಲ್ಕು ಜನ ದಾಟಿದರು: ಪಿಟೀಲಿನ ಇಂಗ್ರಿಡ್,
ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಡೊಲೊರೆಸ್,
ಮುಖ ನೆನಪಾಗದ ಇನ್ನಿಬ್ಬರು.
ಅವನು ಅರವತ್ತೊಂಬತ್ತು.

ಆ ಒಂದಕ್ಕಾಗಿ ಹಾಳೆಯೆಲ್ಲ ತಡಕಿದೆ,
ಮೂಗುತಿ ಬಿದ್ದ ಕೋಣೆಯನ್ನು ತಡಕುವ ಹಾಗೆ.
ಸಿಗಲಿಲ್ಲ.
ಪೆನ್ನು ನನ್ನದೇ, ಇಡಬಹುದಿತ್ತು.
ಇಡಲಿಲ್ಲ.

ಶನಿವಾರ ಬೆಟ್ಟದ ಕೆಳಗಿನ ಸ್ಟೇಡಿಯಂ ಕೂಗಿಗೆ
ನನ್ನ ಕಿಟಕಿಯ ಗಾಜು ನಡುಗಿತು.
ಅವನು ಗೆರೆಯಾಚೆ ಕೋಟು ಹಾಕಿಕೊಂಡು
ನೀರಿನ ಬಾಟಲಿ ಹಂಚುತ್ತಿದ್ದನಂತೆ.
ಇವತ್ತು ಆಟಕ್ಕಿಲ್ಲ, ಲೆಕ್ಕಕ್ಕುಂಟು:
ಹೀಗೆ ಮಗುಚಿ ಹೇಳಿಕೊಂಡು ಮಲಗುವುದು ನನಗೆ ಸುಲಭ.
ವಿದ್ಯಾರ್ಥಿವೇತನ ನಿಂತರೆ
ಫ್ಲಾರಿಡಾದ ಬಸ್ಸು ಹತ್ತುವವಳು ನಾನಲ್ಲ.
ಸೋತೆವು, ಮೂರು ಪಾಯಿಂಟಿನಿಂದ.
ಪೆಟ್ರೋಲ್ ಬಂಕಿನವನು ಚಿಲ್ಲರೆ ಕೊಡುವಾಗ
ನನ್ನ ಮುಖ ನೋಡಲಿಲ್ಲ.

ಸೋಮವಾರ ಎಂಟಕ್ಕೇ ಬಾಗಿಲಲ್ಲಿ ನಿಂತಿದ್ದ.
‘ಆ ಒಂದು ಎಲ್ಲಿ ಹೋಯಿತು, ತೋರಿಸಿ.’
ತೋರಿಸಿದೆ.
ಸೋತ ಮ್ಯಾಚಿನ ವಿಡಿಯೊ ನೋಡುವವನಂತೆ ಬಗ್ಗಿದ,
ಬೆರಳಿನಿಂದ ಸಾಲನ್ನು ಮೊದಲಿಗೆ ಎಳೆದ.
‘ಇನ್ನೊಂದು ಸಲ.’